ಕೂತಲ್ಲೇ ಈಶಾನ್ಯಕ್ಕೆ

ಹೊಲಕ್ಕೆ ಕಾವಲು ಕೂರುವವರನ್ನು ನೀವು ನೋಡಿರುತ್ತೀರಿ. ಭೂಮಿಗೇ ಕಾವಲು ಕೂತವರನ್ನು ನೋಡಿದ್ದೀರಾ? ಹಾಗಾದರೆ ಪಣಕಹಳ್ಳಿಗೆ ಬನ್ನಿ, ನಮ್ಮ ಸೋದರಮಾವನನ್ನು ತೋರಿಸುತ್ತೇನೆ. ಬೈಕನ್ನು ಮಾತ್ರ ಮೆಲ್ಲಗೆ ನಿಲ್ಲಿಸಿ. ಇಲ್ಲದಿದ್ದರೆ, "ಯಾಕ್ಲಾ ಅಂಗೆ ಧಡಕ್ ಅನ್ನುಸ್ತೀಯೆ? ನೆಲ ಜರುಗ್ಬುಟ್ಟಾತು!" ಎಂದು ಬೈಸಿಕೊಳ್ಳುತ್ತೀರಿ!

ಇದಕ್ಕೆಲ್ಲ ಕಾರಣ ಭೂಕಂಪದ ಅಧ್ಯಯನ ಮಾಡುವವರು. ಹೋದ ವರ್ಷ ಬಂದು, ಮಾವನ ಹೊಲದಲ್ಲಿ ಅತ್ತೆಯ ಸಮಾಧಿಯ ಪಕ್ಕದ ಬಂಡೆಗೆ ಒಂದು ಮೊಳೆ ಬಡಿದರು. ಅದರ ಮೇಲೆ ಬಿಳಿ ಟೋಪಿಯಂಥ ಯಂತ್ರ ಕೂರಿಸಿ ಹಗಲೂ ರಾತ್ರಿ ಅಳೆದರು. ನೆಲ ನಮ್ಮ ಉಗುರು ಬೆಳೆದಷ್ಟೇ ನಿಧಾನವಾಗಿ ಈಶಾನ್ಯಕ್ಕೆ ಸರಿಯುತ್ತಿದೆ, ಹಾಗೆ ಹೋಗಿ ಹಿಮಾಲಯವನ್ನು ಒತ್ತುವುದರಿಂದಲೇ ಅಲ್ಲಿ ಭೂಕಂಪ, ಮುಂದಿನ ವರ್ಷ ಮತ್ತೆ ಬಂದು ಅಳೆಯುತ್ತೇವೆ ಎಂದು ಹೇಳಿ ಹೊರಟರು. ಹೇಳಿದ್ದು ಯಾರ ಹತ್ತಿರ!

ಚಾಮರಾಜನಗರದ ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗೆ?" ಎಂದದ್ದೇ ತಡ, ಮಾವ, "ಈಶಾನ್ಯಕ್ಕೆ! ಸುಮ್ಕೆ ಕುಂತ್ರೂ ಓಯ್ತೀವಂತೆ, ಟಿಕೆಟ್ ಯಾಕಪ್ಪ?" ಎಂದರು.

"ಅಂಗಾರೆ ಇಳ್ದು ಕುಂತ್ಕಳಿ ಯಜಮಾನ್ರೆ" ಎಂದ ಆತ.

ಆಮೇಲೆ ದನ ಕಟ್ಟುವ ಕತ್ತಾಳೆ ಹಗ್ಗಗಳು ಒಂದೊಂದಾಗಿ ಕಾಣೆಯಾದವು. ಮಾವ ಅವನ್ನೆಲ್ಲ ಗಂಟು ಹಾಕಿ, ಹೊಲದ ಮನೆಯ ಹೊಸ್ತಿಲಿನಿಂದ ಅತ್ತೆಯ ಸಮಾಧಿಗೆ ಸರಿಯಾಗಿ ಮುಟ್ಟುವಂತೆ ಕತ್ತರಿಸಿಕೊಂಡಿದ್ದರು. ದಿನಾ ಬೆಳಿಗ್ಗೆ ಎಳೆದು ನೋಡುವುದೇ ಕೆಲಸ! ಇದು ಬದುವಿನ ತಕರಾರೇ ಇರಬೇಕೆಂದು ಪಕ್ಕದ ಹೊಲದವರೂ ಒಂದು ಹಗ್ಗ ತಂದಿಟ್ಟುಕೊಂಡರು.

ಜೋರು ಮಳೆ ಬಂದ ಮಾರನೆಯ ದಿನ ಹಗ್ಗ ಒಂದು ಮೊಳ ಸಾಲದೆ ಹೋಯಿತು.

"ಒಲ ದೂರ ಓಗ್ಬುಡ್ತು ಕಣ್ಲಾ!"

"ನೆಂದ ಹಗ್ಗ ಕುಗ್ಗುತ್ತೆ ಮಾವ."

"ನೀನೇನ್ ಕಂಡಿದ್ದೀಯ, ಸುಮ್ಕಿರ್ಲಾ" ಎಂದವರು ಅಂದು ಮುದ್ದೆ ಮುಟ್ಟಲಿಲ್ಲ. ನನಗೋ ನಗು ತಡೆಯಲಾಗಲಿಲ್ಲ.

ಅದೇ ವಾರ ಅಳೆಯುವವರು ಮತ್ತೆ ಬಂದರು. ಮಾವ ಅವರಲ್ಲಿದ್ದ ಹುಡುಗಿಯನ್ನು ಪಕ್ಕಕ್ಕೆ ಕರೆದು, "ನೆಲ ಓಗೋದಾದ್ರೆ ಓಗ್ಲಿ ಕಣವ್ವ. ನಾನೊಂದ್ ಕಡೆ, ಇವ್ಳೊಂದ್ ಕಡೆ ಆಗ್ಬುಡ್ತೀವಾ?" ಎಂದು ಮೆಲ್ಲಗೆ ಕೇಳಿದರು. ಕೈ ಸಮಾಧಿಯ ಕಡೆಗಿತ್ತು.



"ಇಲ್ಲ ತಾತ. ಮನೆ, ಹೊಲ, ನೀವು, ಅಜ್ಜಿ, ಎಲ್ಲಾ ಒಟ್ಟಿಗೇ ಹೋಗ್ತಾ ಇದ್ದೀರಿ. ಮಧ್ಯದ ದೂರ ಹಾಗೇ ಇರುತ್ತೆ" ಎಂದಳು ಆಕೆ.

ಆ ಸಂಜೆ ಮಾವ ಎರಡು ಮುದ್ದೆ ಉಂಡರು. ಹಗ್ಗದ ಗಂಟು ಬಿಚ್ಚುತ್ತಾ ನನ್ನ ಕಡೆ ತಿರುಗಿ ಹೇಳಿದರು:

"ಸಂತೆಗೋದ್ರೂ ನಿಮ್ಮತ್ತೆ ನನ್ ಬೆನ್ನಿಂದೇನೇ ಬರೋಳು ಕಣ್ಲಾ. ಎಷ್ಟ್ ಕರುದ್ರೂ ಪಕ್ಕಕ್ ಬತ್ತಿರ್ನಿಲ್ಲ. ಈಗ ನೋಡು, ಜೊತೇಲೇ ಬತ್ತಾ ಅವ್ಳೆ."