ಬೆಂಕಿ ತಾಗಿಸದ ಶರಬತ್ತು

ಈ ವರ್ಷದ ಕವಳೆಹಣ್ಣಿನ ಶರಬತ್ತನ್ನು ಸ್ವಹಸ್ತದಿಂದ ನಾನೇ ತಯಾರಿಸುವೆನೆಂದು ಜೂನ್ ತಿಂಗಳ ಮೊದಲ ಸೋಮವಾರ ಹೆಂಡತಿಗೆ ಫೋನಿನಲ್ಲಿ ಘೋಷಿಸಿದೆ. ಮೈಸೂರಿನ ಚಾಮರಾಜಪುರಂನಲ್ಲಿ ಇಪ್ಪತ್ತೆಂಟು ವರ್ಷದಿಂದ ಮರದ ಗಾಣದ ಎಣ್ಣೆ ಅಂಗಡಿ ನಡೆಸುತ್ತಿರುವವನು ನಾನು. ಕಲ್ಲಿನಂಥ ಕೊಬ್ಬರಿಯಿಂದ ಎಣ್ಣೆ ಇಳಿಸುವವನಿಗೆ, ಮುಟ್ಟಿದರೆ ರಸ ಸೋರುವ ಹಣ್ಣು ಯಾವ ಲೆಕ್ಕ!

ಒಳಗಿನ ಹಂಚಿಕೆ ಬೇರೆಯೇ ಇತ್ತು. ಹೆರಿಗೆಗೆ ತೋರಿಸುತ್ತಿದ್ದ ಡಾಕ್ಟರು ದಾವಣಗೆರೆಯಲ್ಲೇ ಇದ್ದಾರೆಂದು ಮಗಳು ಲಾಸ್ಯ ತವರಿಗೆ ಬರಲಿಲ್ಲ. ತವರೇ ಗಂಟು ಕಟ್ಟಿಕೊಂಡು ದಾವಣಗೆರೆಗೆ ಹೋಯಿತು. ತವರೆಂದರೆ ನನ್ನ ಹೆಂಡತಿ ಸರ್ವಮಂಗಳಾ. ಮೂರು ತಿಂಗಳೆಂದು ಹೋದ ಬಾಣಂತನ ಐದಕ್ಕೆ ಬಂದಿತ್ತು. ಬಂದುಬಿಡು ಎನ್ನಲು ನನಗೆ ಬಿಗುಮಾನ. ಮೊಮ್ಮಗನ ಜೊತೆ ಪೈಪೋಟಿಗಿಳಿದ ತಾತ ಎಂದು ಬೀಗರು ನಗಬಾರದಲ್ಲ. ಶರಬತ್ತಿನ ಸುದ್ದಿ ಕೇಳಿದರೆ, ನೀವು ಮುಟ್ಟಬೇಡಿ, ನಾನೇ ಬರುತ್ತೇನೆ ಅಂದಾಳೆಂದು ಕಾದೆ.

"ಮಾಡಿ ಮಾಡಿ, ಒಳ್ಳೇದಾಯ್ತು. ಬಾಟ್ಲಿ ಅಟ್ಟದ ಮೇಲಿವೆ" ಅಂದಳು.

ವಿಧಿಯಿಲ್ಲದೆ ಚಾಮುಂಡಿ ಬೆಟ್ಟದ ಹಿಂಬದಿಯ ಕುರುಚಲಿಗೆ ಹೋದೆ. ಪ್ರತಿವರ್ಷ ಇಬ್ಬರೂ ಸ್ಕೂಟರಿನಲ್ಲಿ ಹೋಗುತ್ತಿದ್ದೆವು. ಹಣ್ಣು ಕೀಳುವುದು ಅವಳ ಪಾಲು. ಚೀಲ ಹಿಡಿದು, ಬೇಗ ಬೇಗ ಎಂದು ಅವಸರಿಸುವುದು ನನ್ನ ಪಾಲು. ಈ ಸಲ ಅವಸರಿಸಲು ಯಾರೂ ಇರಲಿಲ್ಲ. ಮುಳ್ಳು ಅಂಗಿಯ ತೋಳು ಹಿಡಿದೆಳೆಯಿತು. ತೊಟ್ಟು ಮುರಿದರೆ ಬಿಳಿ ಹಾಲು ಬೆರಳಿಗೆಲ್ಲ ಅಂಟಿತು. ವರ್ಷಾ ವರ್ಷಾ ನಮ್ಮನ್ನು ಅಲ್ಲಿ ಕಾಣುವ, ಆಡು ಮೇಯಿಸುವ ಚಲುವಮ್ಮ ನನ್ನ ಹಿಂದೆ ಮುಂದೆ ನೋಡಿದಳು.

"ಅವ್ವೋರು ಎಲ್ಲಿ ಸಾವ್ಕಾರ್ರೇ? ಗಾಡಿ ಇಂದ್ಗಡೆಯಿಂದ ಬೀಳಿಸ್ಕಂಡು ಬಂದ್ಬುಟ್ರಾ?"

ನನಗೇ ತಿಳಿಯದೆ ತಿರುಗಿ ಸ್ಕೂಟರಿನ ಹಿಂದಿನ ಸೀಟು ನೋಡಿದೆ.

ಮನೆಗೆ ಬಂದು ನಮ್ಮ ಗಾಣದ ಶಾಸ್ತ್ರ ತೆರೆದೆ. ಅವಳು ರಸಕ್ಕೆ ಸಕ್ಕರೆ ಹಾಕಿ ಒಲೆಯ ಮೇಲೆ ಕುದಿಸುತ್ತಿದ್ದುದು ನೆನಪಿತ್ತು. ಆದರೆ ನಮ್ಮ ಅಂಗಡಿಯ ಬೋರ್ಡಿನಲ್ಲೇ 'ಬೆಂಕಿ ತಾಗಿಸದ್ದು' ಎಂದು ಬರೆಸಿದ್ದೇನೆ. ಕಾಯಿಸಿದರೆ ಸತ್ವ ಹೋಗುತ್ತದೆಂದು ಗಿರಾಕಿಗಳಿಗೆ ದಿನಕ್ಕೆ ನಲವತ್ತು ಸಲ ಹೇಳುವವನು ಮನೆಯಲ್ಲಿ ಒಲೆ ಹಚ್ಚುವುದೆ? ಹಸಿ ರಸ ಹಿಂಡಿ, ಸಕ್ಕರೆ ಕದಡಿ, ಬಾಟಲಿಗಳ ಕಂಠದವರೆಗೆ ತುಂಬಿದೆ. ಮೇಲೆ ಜಾಗ ಬಿಟ್ಟು ಗಾಳಿ ಮಾರಿದವರು ನಮ್ಮ ವಂಶದಲ್ಲಿಲ್ಲ. ಮುಚ್ಚಳ ಬಿಗಿದೆ. ಎಣ್ಣೆಯನ್ನು ತಿಳಿಯಾಗಲೆಂದು ಇಡುವಂತೆ ಹನ್ನೊಂದು ಬಾಟಲಿಗಳನ್ನೂ ನಾಲ್ಕು ದಿನ ತಾರಸಿಯ ಬಿಸಿಲಿಗಿಟ್ಟೆ.

ಐದನೆಯ ಬೆಳಿಗ್ಗೆ ಅವನ್ನು ನಡುಮನೆಯ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ವೀಡಿಯೊ ಕಾಲ್ ಮಾಡಿದೆ. ಸರ್ವಮಂಗಳಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಫೋನಿನ ಹತ್ತಿರ ಮುಖ ತಂದಳು.

"ಅದ್ಯಾಕ್ರೀ ಗುಳ್ಳೆ ಏಳ್ತಿದೆ?"

"ಸತ್ವ ಕಣೇ."

"ಕುದಿಸಿದ್ರಾ?"

ಉತ್ತರವನ್ನು ಮೊದಲ ಬಾಟಲಿಯೇ ಕೊಟ್ಟಿತು. ಮುಚ್ಚಳ ಹಾರಿ ಫ್ಯಾನಿಗೆ ಬಡಿಯಿತು. ಎರಡನೆಯದರ ಗಾಜೇ ಸಿಡಿಯಿತು. ಅದರ ಪೆಟ್ಟಿಗೆ ಮೂರನೆಯದು. ನಾನು ಮೇಜಿನ ಕೆಳಗೆ ಹೊಕ್ಕೆ. ದಸರೆಯ ಕುಶಾಲತೋಪು ಇಪ್ಪತ್ತೊಂದು. ನಮ್ಮದು ಹನ್ನೊಂದಕ್ಕೆ ನಿಂತಿತು. ಹೊರಗೆ ಬಂದು ನೋಡಿದರೆ ಗೋಡೆಯೆಲ್ಲ ಕೆಂಪು. ಗೋಡೆಯ ಮೇಲಿನ ಫೋಟೋದಲ್ಲಿ ನಮ್ಮ ತಾತನ ಮೀಸೆಯಿಂದ ರಸ ತೊಟ್ಟಿಕ್ಕುತ್ತಿತ್ತು. ಮೂರು ತಲೆಮಾರಿನಿಂದ ವಿಭೂತಿಯ ವಾಸನೆಯಷ್ಟೇ ಗೊತ್ತಿದ್ದ ಮನೆಯಲ್ಲಿ ಹೆಂಡದಂಗಡಿಯ ಘಮ!

ಮೊದಲು ಗೋಡೆ ಒರೆಸಲು ಕೈಗೆ ಸಿಕ್ಕ ಬಟ್ಟೆ ಎತ್ತಿಕೊಂಡೆ, ಆಮೇಲೆ ಗಲಾಟೆಯಲ್ಲಿ ನೆಲಕ್ಕೆ ಬಿದ್ದಿದ್ದ ಫೋನನ್ನು ಮೇಜಿಗೆ ಒರಗಿಸಿದೆ. ನಗುತ್ತಿರುತ್ತಾಳೆ ಅಂದುಕೊಂಡರೆ ನಗುತ್ತಿರಲಿಲ್ಲ. ಗಾಜು ತಾಗಿತಾ ಎಂದು ಎರಡು ಸಲ ಕೇಳಿದಳು. ಇಲ್ಲವೆಂದೆ. ಕೈ ತೋರಿಸಿ ಅಂದಳು. ಬಲಗೈ ತೋರಿಸಿದೆ. ಗಾಜಿನ ಗಾಯ ಇರಲಿಲ್ಲ; ಮಣಿಕಟ್ಟಿನಿಂದ ಮೊಣಕೈವರೆಗೆ ಕವಳೆಮುಳ್ಳಿನ ಗೀರುಗಳು ಇನ್ನೂ ಮಾಯದೆ ನಿಂತಿದ್ದವು. ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಅವನ್ನೇ ನೋಡಿದಳು.

"ನೀವು ಹುಳಿ ಅಂತ ಒಂದು ಲೋಟಾನೂ ಕುಡಿಯೋರಲ್ಲ. ಹನ್ನೊಂದು ಬಾಟ್ಲಿ ಯಾರಿಗ್ರೀ?"

ನಾನು ಬಗ್ಗಿ ನೆಲದ ಮೇಲಿನ ಗಾಜಿನ ಚೂರು ಹೆಕ್ಕತೊಡಗಿದೆ.

"ಬಾ ಅನ್ನೋಕೆ ಬೆಟ್ಟದವರೆಗೂ ಹೋಗ್ಬೇಕಿತ್ತೇನ್ರೀ?" ಅವಳ ಧ್ವನಿ ಮೆತ್ತಗಾಗಿತ್ತು. "ನಾಳಿದ್ದು ಬಸ್ಸು ಹತ್ತೀನಿ. ಅಲ್ಲೀವರೆಗೂ ಗೋಡೆ ಮುಟ್ಬೇಡಿ. ನಿಮ್ಮನ್ನ ಬಿಟ್ರೆ ಆ ಕಲೆಗೂ ಕೊಬ್ಬರಿ ಎಣ್ಣೆ ಹಚ್ತೀರಿ."

ಛೆ, ನನಗೆ ಅಷ್ಟೂ ತಿಳಿಯುವುದಿಲ್ಲವೆ ಎಂದೆ. ಎಡಗೈಯಲ್ಲಿದ್ದ ಎಣ್ಣೆಬಟ್ಟೆಯನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದೆ.