ಡೈ ಮಾಡುವ ಅಳಿಯ

ತಾವು ಮಾಡುವ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೇಷ್ಟ್ರು ಎಂದರೆ ಸಾಕು, ಎದುರಿನವರು ಕುರ್ಚಿ ಎಳೆದು ಕೊಡುತ್ತಾರೆ. ನಾನು ಬಿ.ಸಿ.ರೋಡಿನ ಹತ್ತಿರದ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಡೈ ಡಿಸೈನರ್. ಡೈ ಎಂದರೆ ಅಚ್ಚು. ಚಕ್ಕುಲಿ ಒರಳಿನಿಂದ ಹಿಟ್ಟು ಬರುವ ಹಾಗೆ ಇದರಿಂದ ಕರಗಿದ ಪ್ಲಾಸ್ಟಿಕ್ ಪೈಪಾಗಿಯೋ ಹಾಳೆಯಾಗಿಯೋ ಹೊರಗೆ ಬರುತ್ತದೆ. ನಮ್ಮದು ಮೂರು ಪದರದ್ದು. ಮೂರು ಕಡೆಯಿಂದ ಬಂದ ಪ್ಲಾಸ್ಟಿಕ್ ಅಚ್ಚಿನೊಳಗೆ ಒಂದರ ಮೇಲೊಂದು ಕೂತು, ಎಲ್ಲೂ ದಪ್ಪ ತೆಳು ಆಗದೆ ಸಮ ಬರಬೇಕು. ಹಾಗೆ ಬರುವಂತೆ ದಾರಿ ಕೊರೆಯುವುದೇ ನನ್ನ ಅನ್ನ. ಇಷ್ಟು ಹೇಳುವಷ್ಟರಲ್ಲಿ ಕೇಳಿದವರು ಬಸ್ಸು ಹತ್ತಿರುತ್ತಾರೆ. ಹಾಗಾಗಿ ‘ಡೈ ಮಾಡುವುದು’ ಎಂದಷ್ಟೇ ಹೇಳುವ ಅಭ್ಯಾಸವಾಯಿತು. ಆ ಅಭ್ಯಾಸ ನನ್ನ ಮದುವೆಯನ್ನೇ ಮುರಿಯುವುದರಲ್ಲಿತ್ತು.

ಶಿರ್ತಾಡಿಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ವಿನಯಾ ಮೂಡುಬಿದಿರೆಯ ಕಾಲೇಜಿನಲ್ಲಿ ಲೆಕ್ಕ ಕಲಿಸುತ್ತಿದ್ದಳು. ಇವಳಲ್ಲದಿದ್ದರೆ ಮದುವೆಯೇ ಬೇಡ ಎಂದು ನಾನು ಕಾಫಿ ಕುಡಿಯುವಾಗಲೇ ತೀರ್ಮಾನಿಸಿಬಿಟ್ಟೆ. ಅವಳ ತಂದೆಗೆ, ಅಂದರೆ ಇಂದಿನ ನನ್ನ ಮಾವನಿಗೆ, ಅರುವತ್ತು ದಾಟಿದರೂ ತಲೆ ಕಾಡಿಗೆಯಷ್ಟು ಕಪ್ಪು. ಅವರು ದನ ತೋರಿಸುತ್ತೇನೆಂದು ನನ್ನೊಬ್ಬನನ್ನೇ ಹಟ್ಟಿಯ ಹಿಂದೆ ಕರೆದುಕೊಂಡು ಹೋದರು. ಅತ್ತಿತ್ತ ನೋಡಿ, ವಿಷಯ ಗಂಭೀರವಾದ್ದರಿಂದ ತುಳು ಬಿಟ್ಟು ಕನ್ನಡಕ್ಕೆ ಬಂದರು.

“ನೀವು ಡೈ ಮಾಡುವವರಂತೆ. ಒಮ್ಮೆ ಮಾಡಿದರೆ ಎಷ್ಟು ಸಮಯ ನಿಲ್ತದೆ?”

ನನ್ನ ಕೆಲಸದ ಬಗ್ಗೆ ಇಷ್ಟು ಆಸಕ್ತಿಯಿಂದ ಕೇಳಿದ ಮೊದಲ ಮನುಷ್ಯ. ಉಬ್ಬಿಹೋದೆ. ಚೆನ್ನಾಗಿ ನೋಡಿಕೊಂಡರೆ ವರ್ಷಗಟ್ಟಲೆ ಎಂದೆ. ಅವರ ಕಣ್ಣು ಅರಳಿತು. ತೋಟದಲ್ಲಿ ಗಿಡದ ಬುಡಕ್ಕೆ ಹಾಸುವ ಹಾಳೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಈಗ ಹೆಚ್ಚು ಓಡುವುದು ಮೇಲೆ ಬೆಳ್ಳಿ ಬಣ್ಣ, ಅಡಿಯಲ್ಲಿ ಕಪ್ಪು ಇರುವಂಥದ್ದು ಎಂದೆ. ಅವರು ಸ್ವಲ್ಪ ಯೋಚಿಸಿ, ತಮಗೆ ಅದು ಅಡಿಮೇಲಾಗಿ ಬೇಕಿತ್ತು ಎಂದರು. ಅದಕ್ಕೇನು, ಮಾಡುವ ಎಂದೆ. ಆಮೇಲೆ ಇನ್ನೂ ಹತ್ತಿರ ಬಂದು, ತಲೆಗೆ ಉಷ್ಣ ಆಗುತ್ತದೆಯೇ ಎಂದು ಕೇಳಿದರು. ಕಾರ್ಖಾನೆಯಲ್ಲಿ ಅಚ್ಚು ಕೂರುವ ಭಾಗಕ್ಕೂ ನಾವು ತಲೆ ಎಂದೇ ಹೇಳುವುದು.

“ಆಗ್ಲೇಬೇಕಲ್ಲ. ತಲೆ ಇನ್ನೂರು ಡಿಗ್ರಿ ಬಿಸಿ ಆಗದೆ ನಾವು ಶುರು ಮಾಡುವುದೇ ಇಲ್ಲ. ಕರಿ ಹಿಡಿದರೆ ಹಿತ್ತಾಳೆ ಪಟ್ಟಿಯಲ್ಲಿ ಕೆರೆದು ತೆಗೆಯುವುದು.”

ಮಾವ ತಲೆಯ ಮೇಲೆ ಕೈ ಇಟ್ಟುಕೊಂಡು ಹಿಂದೆ ಸರಿದರು. ಒಳಗೆ ಹೋದವರೇ, ಈ ಹುಡುಗ ಬೇಡ, ಇವನ ಮಂಡೆ ಸಮ ಇಲ್ಲ ಎಂದು ಹೆಂಡತಿಗೆ ಹೇಳಿದ್ದು ಚಾವಡಿಗೂ ಕೇಳಿಸಿತು. ಯಾಕೆಂದು ಅತ್ತೆ ಕೇಳಿದ್ದಕ್ಕೆ ಇನ್ನೂರು ಡಿಗ್ರಿಯ ಕಥೆ ಹೇಳಿದರು. ಕಾಫಿ ಕೊಡುವಾಗ ನನ್ನ ಕಾರ್ಖಾನೆಯ ವಿಷಯ ಕೇಳಿ ತಿಳಿದಿದ್ದ ವಿನಯಾಳಿಗೆ ತಟ್ಟನೆ ಹೊಳೆಯಿತು.

“ಅಪ್ಪ, ಅವರದ್ದು ಪೈಪಿನ ಡೈ. ನೀವು ಮಂಡೆಗೆ ಹಾಕುವುದಲ್ಲ.”

ಮಾವ ಕೂದಲಿಗೆ ಬಣ್ಣ ಹಚ್ಚುವುದು ಮನೆಯವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲವೆಂದು ನಂಬಿಕೊಂಡಿದ್ದವರು ಮಾವ ಒಬ್ಬರೇ. ಈಗ ಬಂದ ನೆಂಟರಿಗೂ ಗೊತ್ತಾಯಿತು. ಇನ್ನು ಹೆಣ್ಣು ಕೊಟ್ಟ ಹಾಗೆಯೇ ಎಂದುಕೊಂಡು ನಾನು ಚಪ್ಪಲಿ ಹುಡುಕತೊಡಗಿದೆ. ಅಷ್ಟರಲ್ಲಿ ಮಾವ ಬಾಗಿಲಿಗೆ ಬಂದು ಅಡ್ಡ ನಿಂತರು.

“ಕೂತುಕೊಳ್ಳಿ ಮಾರಾಯ್ರೆ. ಹೊರಗಿನವನಾದರೆ ಊರಿಡೀ ಹೇಳ್ತಾನೆ. ಅಳಿಯನಾದರೆ ಬಾಯಿ ಮುಚ್ಚಿಕೊಂಡಿರ್ತಾನೆ.”

ಇವತ್ತಿನವರೆಗೆ ಮುಚ್ಚಿಕೊಂಡೇ ಇದ್ದೆ. ಈಗ ನನ್ನ ತಲೆಯೂ ಮೇಲೆ ಬೆಳ್ಳಿಯಾಗಿದೆ. ಶಿರ್ತಾಡಿಗೆ ಹೋದಾಗ ಮಾವ, ಅಳಿಯ ಇಬ್ಬರೂ ಬಚ್ಚಲಿನ ಬಾಗಿಲು ಹಾಕಿಕೊಂಡು ಒಬ್ಬರ ತಲೆಗೆ ಇನ್ನೊಬ್ಬರು ಡೈ ಹಚ್ಚುತ್ತೇವೆ. ಮೂರು ಪದರ ಸಮ ಬರಿಸಿ ಸಂಬಳ ತೆಗೆದುಕೊಳ್ಳುವ ನನಗೆ ಒಂದು ಪದರವನ್ನು ಸಮ ಹಚ್ಚಲು ಬರುವುದಿಲ್ಲ. ಹಿಂದೆ ದಪ್ಪ, ಕಿವಿಯ ಹತ್ತಿರ ತೆಳು. ಮಾವ ಕನ್ನಡಿ ನೋಡಿ ಪ್ರತಿ ಸಲವೂ ಹೇಳುತ್ತಾರೆ, “ಮಂಡೆ ಸಮ ಇಲ್ಲ.” ಯಾರದ್ದು ಎಂದು ನಾನು ಕೇಳಲು ಹೋಗುವುದಿಲ್ಲ.