ಮೂರು ಸಹಿ ಮತ್ತು ನಮ್ಮ ವಿದೇಶಾಂಗ ನೀತಿ

ಸರ್ಕಾರಗಳು ಮಾಡಬೇಕಾದ ಕೆಲಸಕ್ಕೆ ನಮ್ಮಂಥವರು ಕೈ ಹಾಕಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಆಗದೇ ಹೋದರೆ ನಾವು ಸರಿಯಾಗಿ ಕೈ ಹಾಕಲಿಲ್ಲ ಎಂದೇ ಅರ್ಥ.

ಇದು ೧೯೯೯ರ ಬೇಸಿಗೆಯ ಮಾತು. ನಾನಾಗ ಟೆಕ್ಸಾಸಿನಲ್ಲಿ ಡಲ್ಲಾಸ್ ಪಕ್ಕದ ಪ್ಲೇನೋದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ಬೇರೆಯವರು ಮಾಡಿದ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುತ್ತಿದ್ದೆ. ನನ್ನ ತಮ್ಮ ಭಾರತದ ಸೇನೆಯಲ್ಲಿ ಕ್ಯಾಪ್ಟನ್. ಕಾರ್ಗಿಲ್ ಬೆಟ್ಟಗಳಲ್ಲಿ ಗುಂಡು ಹಾರಲು ಶುರುವಾದಾಗ ಅವನು ಅಲ್ಲೇ ಇದ್ದ. ಗಡಿ ದಾಟಿ ಬಂದ ಉಗ್ರರಿಗೆ ಬಂದೂಕು ಕೊಡುತ್ತಿರುವುದು ಪಾಕಿಸ್ತಾನ ಎಂದು ನಮ್ಮವರೆಲ್ಲ ಹೇಳುತ್ತಿದ್ದರು. ಆ ದೇಶ ಯಾರ ಮಾತನ್ನಾದರೂ ಕೇಳುವುದಿದ್ದರೆ ಅಮೆರಿಕದ ಮಾತನ್ನು. ಅಮೆರಿಕ ಸರ್ಕಾರ ಯಾರ ಮಾತು ಕೇಳುತ್ತದೆ? ತನ್ನ ಸಂಸದರ ಮಾತು. ಸಂಸದರು? ತಮ್ಮೂರಿನವರ ಮಾತು. ಊರಿನವರು ಅಂದರೆ ನಾವೇ. ಲೆಕ್ಕ ಅಷ್ಟು ಸಲೀಸಾಗಿತ್ತು.

ಹೂಸ್ಟನ್, ಆಸ್ಟಿನ್, ಡಲ್ಲಾಸ್, ಮೂರೂ ಕಡೆಯ ಕನ್ನಡಿಗರು ಸೇರಿ ಒಂದು ಸಮಿತಿ ಮಾಡಿಕೊಂಡೆವು. ಉಗ್ರರಿಗೆ ಬಂದೂಕು ಕೊಡುವುದನ್ನು ನಿಲ್ಲಿಸು ಎಂದು ಪಾಕಿಸ್ತಾನಕ್ಕೆ ಹೇಳಿ ಅಂತ ಅಮೆರಿಕ ಸರ್ಕಾರವನ್ನು ಕೇಳುವ ಒಂದು ಪತ್ರ. ಅದಕ್ಕೆ ಮೂರು ಊರಿನ ಮೂವರು ಸಂಸದರ ಸಹಿ. ಇಷ್ಟೇ ನಮ್ಮ ಕಾರ್ಯಕ್ರಮ. ಮೂರು ಸಹಿ ಬಿದ್ದರೆ ನನ್ನ ತಮ್ಮ ಬೆಟ್ಟ ಇಳಿದು ಬರುತ್ತಾನೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಅವನಿಂದ ಫೋನ್ ಬಂದು ತಿಂಗಳಾಗಿತ್ತು, ನಂಬದೆ ಬೇರೆ ದಾರಿಯೂ ಇರಲಿಲ್ಲ.

೧. ಕರಡು

ಸಮಿತಿಯಲ್ಲಿ ಮೂವತ್ತು ಜನ, ಅದರಲ್ಲಿ ಇಪ್ಪತ್ತೈದು ಜನ ಸಾಫ್ಟ್‌ವೇರಿನವರು. ಹಾಗಾಗಿ ಪತ್ರಕ್ಕೆ ಮೊದಲ ದಿನವೇ ವರ್ಷನ್ ನಂಬರ್ ಬಿತ್ತು. ಒಬ್ಬರು ಬೆಳಿಗ್ಗೆ ಒಂದು ಪ್ಯಾರಾ ಸೇರಿಸಿದರೆ ಇನ್ನೊಬ್ಬರು ಮಧ್ಯಾಹ್ನ ಅದನ್ನು ಸರಿಪಡಿಸಿ ಎರಡು ಸೇರಿಸುತ್ತಿದ್ದರು. ಒಬ್ಬರು ದೇಶ ವಿಭಜನೆಯಿಂದ ಶುರು ಮಾಡಿದರು. ಅದು ಸಾಲದೆಂದು ಇನ್ನೊಬ್ಬರು ಮಹಾಭಾರತದಿಂದ ಶುರು ಮಾಡಿದರು. ವಾರದ ಕೊನೆಗೆ ಪತ್ರ ಹನ್ನೊಂದು ಪುಟವಾಗಿ, ಸಹಿಗೆ ಮಾತ್ರ ಜಾಗ ಉಳಿದಿರಲಿಲ್ಲ. ನಾನದನ್ನು ದೋಷ ಅಂತ ದಾಖಲು ಮಾಡಿದೆ. ಅದು ದೋಷವಲ್ಲ, ವಿನ್ಯಾಸವೇ ಹಾಗಿದೆ ಅಂತ ಉತ್ತರ ಬಂತು.

ಸಂಸದರೊಬ್ಬರ ಕಚೇರಿಗೆ ಫೋನ್ ಮಾಡಿ ಎಷ್ಟು ಪುಟ ಇರಬಹುದು ಎಂದು ಕೇಳಿದೆ. ಒಂದು, ಅದರಲ್ಲೂ ಸಾಹೇಬರು ಓದುವುದು ಮೊದಲ ನಾಲ್ಕು ಸಾಲು ಎಂದರು ಆ ಕಡೆಯ ಹೆಂಗಸು. ಅಂದೇ ಕೂತು ನಾಲ್ಕು ಸಾಲು ಬರೆದೆ. ನನ್ನ ತಮ್ಮ ಆ ಬೆಟ್ಟದ ಮೇಲಿದ್ದಾನೆ. ಅವನ ಮೇಲೆ ಗುಂಡು ಹಾರಿಸುವವರಿಗೆ ಬಂದೂಕು ಕೊಟ್ಟದ್ದು ಒಂದು ಸರ್ಕಾರ. ಆ ಸರ್ಕಾರ ನಿಮ್ಮ ಮಾತು ಕೇಳುತ್ತದೆ. ದಯವಿಟ್ಟು ನಿಲ್ಲಿಸಲು ಹೇಳಿ.

ನಮ್ಮ ಅಧ್ಯಕ್ಷರು ಹೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಲ್ಲಿ ಹೃದಯದ ಡಾಕ್ಟರು, ಮೈಸೂರಿನವರು, ತುಂಬ ಒಳ್ಳೆಯ ಮನುಷ್ಯ. ನಾಲ್ಕು ಸಾಲನ್ನೂ ಎರಡು ಸಲ ಓದಿ ಕನ್ನಡಕ ತೆಗೆದರು.

"ಎಲ್ಲ ಸರಿಯಮ್ಮಾ. ಆದ್ರೆ ಇಷ್ಟು ಚಿಕ್ಕದಾಗಿದ್ರೆ ನಾವು ಓದಿದೋರು ಅಂತ ಅವ್ರಿಗೆ ಹೇಗೆ ಗೊತ್ತಾಗುತ್ತೆ?"

೨. ಸೀಡರ್ ಪಾರ್ಕಿನ ಫ್ಯಾಕ್ಸು

ಆಸ್ಟಿನ್ ಕಡೆಯ ಜವಾಬ್ದಾರಿ ಸೀಡರ್ ಪಾರ್ಕಿನ ಒಬ್ಬ ಚಿಪ್ ಎಂಜಿನಿಯರಿಗೆ ಬಿತ್ತು. ಅವರು ವಿನ್ಯಾಸ ಮಾಡಿದ ಚಿಪ್ಪು ಫ್ಯಾಕ್ಸ್ ಯಂತ್ರಗಳ ಒಳಗೇ ಕೂತಿರುತ್ತದೆ ಎಂದು ಅವರು ಹೇಳದೆ ಬಿಟ್ಟ ಊಟದ ಮನೆ ಇಲ್ಲ. ಹಾಗಾಗಿ ಫ್ಯಾಕ್ಸ್ ಮಾಡುವ ಕೆಲಸಕ್ಕೆ ಅವರಿಗಿಂತ ಯೋಗ್ಯರಿಲ್ಲ ಎಂದು ನಿರ್ಣಯವಾಯಿತು.

ಅವರು ನೆರೆಹೊರೆಯಲ್ಲೆಲ್ಲ ತಿರುಗಿ, ಅರವತ್ತು ಜನರಿಂದ, ಕೊನೆಗೂ ಸಮಿತಿ ಒಪ್ಪಿದ ನಾಲ್ಕು ಸಾಲಿನ ಪತ್ರದ ಅರವತ್ತು ಪ್ರತಿಗಳಿಗೆ ಸಹಿ ಹಾಕಿಸಿ ಸಂಸದರ ಕಚೇರಿಗೆ ಕಳಿಸಿದರು. ಎರಡು ವಾರಕ್ಕೆ ಉತ್ತರ ಬಂತು. ನಿಮ್ಮ ಅಭಿಪ್ರಾಯವನ್ನು ಗಮನವಿಟ್ಟು ಪರಿಶೀಲಿಸಿದ್ದೇವೆ, ಅದನ್ನು ಇಷ್ಟು ಸ್ಪಷ್ಟವಾಗಿ ಮುಂದಿಟ್ಟದ್ದಕ್ಕೆ ಧನ್ಯವಾದ ಎಂದು ಅದರಲ್ಲಿತ್ತು. ನಮಗೆಲ್ಲ ಆನೆ ಬಲ ಬಂದ ಹಾಗಾಯಿತು. ನಾನಂತೂ ಆಫೀಸಿನಲ್ಲಿ ಸಿಹಿ ಹಂಚಿದೆ.

ಈ ಉತ್ಸಾಹದಲ್ಲಿ ಎಂಜಿನಿಯರರು ಇನ್ನೊಂದು ಕಂತು ಕಳಿಸಲು ಹೊರಟರು. ಆ ಹೊತ್ತಿಗೆ ಅವರ ಹೆಂಡತಿ ಕಾಫಿ ಕೊಡಲು ಬಂದವರು ಯಂತ್ರದ ಕಡೆ ನೋಡಿ, ಬರೆದ ಕಡೆ ಕೆಳಗಿರಬೇಕಲ್ಲವೇ, ನೀವು ಮೇಲೆ ಮಾಡಿ ಇಡುತ್ತಿದ್ದೀರಲ್ಲ ಎಂದರು. ಹೋದ ಸಲವೂ ಹೀಗೇ ಇಟ್ಟದ್ದಂತೆ. ಮೇಲಿನ ವಿಳಾಸದ ಹಾಳೆ ಒಂದನ್ನು ಮಾತ್ರ ಹೇಗೋ ಸರಿಯಾಗಿ ಇಟ್ಟಿದ್ದರು. ಅಂದರೆ ಸಂಸದರಿಗೆ ತಲುಪಿದ್ದು ಒಂದು ವಿಳಾಸ ಮತ್ತು ಅರವತ್ತು ಖಾಲಿ ಹಾಳೆ. ಅವರು ಗಮನವಿಟ್ಟು ಪರಿಶೀಲಿಸಿದ್ದು ಅದನ್ನೇ.

ಎಂಜಿನಿಯರರು ಬೆವರಿ, ಈಗಲೇ ಸರಿಯಾಗಿ ಕಳಿಸುತ್ತೇನೆಂದು ಹಾಳೆ ತಿರುಗಿಸತೊಡಗಿದರು. ಹೆಂಡತಿ ಕಾಫಿ ಲೋಟ ಅವರ ಕೈಗಿಟ್ಟರು.

"ಸುಮ್ನಿರಿ. ಓದಿದ್ರೆ ಮನಸ್ಸು ಬದಲಾಯಿಸಿಬಿಟ್ಟಾರು."

೩. ದಿನಾ ಹತ್ತು ಗಂಟೆಗೆ

ಕೆಟ್ಟದ್ದನ್ನು ಸರಿಮಾಡಲು ಆಸ್ಟಿನ್ನಿನಲ್ಲಿ ಎಂ.ಎಸ್. ಓದುತ್ತಿದ್ದ ಧಾರವಾಡದ ವಿದ್ಯಾರ್ಥಿಯೊಬ್ಬ ಮುಂದೆ ಬಂದ. ಅದೇ ಸಂಸದರ ಕಚೇರಿಗೆ ದಿನಾ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡಿ ನಾಲ್ಕು ಸಾಲು ಓದಿ ಹೇಳುವುದು ಅವನ ಯೋಜನೆ. ಮೊದಲ ದಿನ ಅಲ್ಲಿ ಫೋನೆತ್ತುವ ಹಿರಿಯ ಹೆಂಗಸು, ನೀನು ಇಲ್ಲಿಯ ಮತದಾರನೇ ಎಂದು ಕೇಳಿದರಂತೆ. ಇಲ್ಲ, ಆದರೆ ಹತ್ತು ಗಂಟೆಗೆ ನನಗೆ ಕ್ಲಾಸಿಲ್ಲ ಎಂದನಂತೆ ಇವನು.

ಹೀಗೇ ಎರಡು ವಾರ ನಡೆಯಿತು. ಮೂರನೇ ವಾರ ಒಂದು ದಿನ ಪರೀಕ್ಷೆಯಿತ್ತು ಎಂದು ಇವನು ಫೋನ್ ಮಾಡಲಿಲ್ಲ. ಮಧ್ಯಾಹ್ನ ರೂಮಿಗೆ ಬಂದರೆ ಫೋನಿನಲ್ಲಿ ಆ ಹೆಂಗಸಿನ ಸಂದೇಶ: ಹುಷಾರಾಗಿದ್ದೀಯಾ, ಊಟ ಮಾಡುತ್ತಿದ್ದೀಯಾ ತಾನೆ? ಇವನು ನನಗೆ ಫೋನ್ ಮಾಡಿ, "ಅಕ್ಕಾರ, ನಮ್ಮವ್ವನೂ ಇಷ್ಟು ಕಾಳಜಿ ಮಾಡಂಗಿಲ್ರಿ," ಎಂದು ಗದ್ಗದಿತನಾದ.

ಮರುದಿನವೇ ಆಕೆ ಅವನಿಂದ ಪತ್ರ ತರಿಸಿಕೊಂಡು ಸಂಸದರ ಮೇಜಿನ ಮೇಲಿಟ್ಟು, ಇದಕ್ಕೆ ಸಹಿ ಹಾಕದಿದ್ದರೆ ಆ ಹುಡುಗ ಡಿಗ್ರಿ ಮುಗಿಸುವುದಿಲ್ಲ ಎಂದರಂತೆ. ನಮ್ಮ ಮೊದಲ ಸಹಿ ಬಿದ್ದದ್ದು ಹಾಗೆ.

೪. ಹೂಸ್ಟನ್ನಿನ ಇಪ್ಪತ್ತು ನಿಮಿಷ

ಹೂಸ್ಟನ್ ಕಡೆಯ ಸಂಸದರು ಖುದ್ದಾಗಿ ಭೇಟಿಗೆ ಒಪ್ಪಿದರು. ಶನಿವಾರ ಮಧ್ಯಾಹ್ನ, ಅಧ್ಯಕ್ಷರ ಮನೆ, ಇಪ್ಪತ್ತು ನಿಮಿಷ. ಇದನ್ನು ಬಿಡಬಾರದು ಎಂದು ನಾನು ಗಂಡನ ಜೊತೆ ಪ್ಲೇನೋದಿಂದ ಐದು ಗಂಟೆ ಪ್ರಯಾಣ ಮಾಡಿ ಹೋದೆ. ಪತ್ರ ಪ್ಲಾಸ್ಟಿಕ್ ಫೈಲಿನಲ್ಲಿತ್ತು, ಪೆನ್ನು ಎರಡು ಇಟ್ಟುಕೊಂಡಿದ್ದೆ.

ಹೋಗಿ ನೋಡಿದರೆ ಹಾಲಿನಲ್ಲಿ ಬ್ಯಾನರು, ಮೈಕು, ದೀಪದ ಕಂಬ. ಸಂಸದರು ಎರಡೂ ಐದಕ್ಕೆ ಒಳಗೆ ಬಂದರು. ಮೊದಲು ಪ್ರಾರ್ಥನೆ. ಹಾಡಿದ ಆಂಟಿ ಮೂರು ಚರಣ ಹಾಡಿ, ಚಪ್ಪಾಳೆ ಬಿತ್ತು ಎಂದು ನಾಲ್ಕನೆಯದನ್ನೂ ಹಾಡಿದರು. ಆಮೇಲೆ ಸ್ವಾಗತ ಭಾಷಣ. ಕಾರ್ಯದರ್ಶಿಯವರು ವೇದಿಕೆಯ ಮೇಲಿದ್ದವರನ್ನೆಲ್ಲ ಹೆಸರು ಹಿಡಿದು ಸ್ವಾಗತಿಸಿದರು. ವೇದಿಕೆಯ ಮೇಲೆ ಒಂಬತ್ತು ಜನರಿದ್ದರು, ಕೆಳಗೆ ಆರು. ಆಮೇಲೆ ದೀಪ ಬೆಳಗುವುದು. ಫ್ಯಾನಿನ ಗಾಳಿಗೆ ದೀಪ ಎರಡು ಸಲ ಆರಿತು. ಫ್ಯಾನ್ ನಿಲ್ಲಿಸಿದರೆ ಸಂಸದರು ಬೆವೆತರು, ಹಾಕಿದರೆ ದೀಪ ನಿಲ್ಲಲೊಲ್ಲದು.

ನಾನು ಅಧ್ಯಕ್ಷರ ಹಿಂದೆ ನಿಂತು ಫೈಲಿನಿಂದ ಅವರ ಬೆನ್ನು ತಿವಿಯುತ್ತಿದ್ದೆ. ಸನ್ಮಾನ ಒಂದು ಮುಗಿಯಲಮ್ಮಾ ಎಂದು ಅವರು ಪಿಸುಗುಟ್ಟಿದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಮೇಲೆ ಮೈಸೂರು ಪೇಟ. ಪೇಟ ಟೆಕ್ಸಾಸಿನ ತಲೆಗೆ ಚಿಕ್ಕದಾಗಿತ್ತು. ಅದನ್ನು ಒತ್ತಿ ಕೂರಿಸಲು ಇಬ್ಬರು ಬೇಕಾದರು. ಅಷ್ಟರಲ್ಲಿ ಸಂಸದರ ಸಹಾಯಕ ಗಡಿಯಾರ ತೋರಿಸಿದ. ಸಂಸದರು ಎದ್ದು ಕೈಮುಗಿದು, ಇಂಥ ಗೌರವ ಜೀವನದಲ್ಲೇ ಕಂಡಿರಲಿಲ್ಲ ಎಂದರು. ಹೊರಡುವವರನ್ನು ಬಾಗಿಲಲ್ಲಿ ತಡೆದು ಇನ್ನೊಬ್ಬರು ವಂದನಾರ್ಪಣೆಯನ್ನೂ ಮಾಡಿದರು. ಅವರು ಪೇಟದ ಸಮೇತ ಕಾರು ಹತ್ತಿದರು.

ನನ್ನ ಫೈಲು ನನ್ನ ಕೈಯಲ್ಲೇ ಇತ್ತು. ಅವರನ್ನು ಯಾಕೆ ಕರೆದಿದ್ದೆವು ಎಂಬ ವಿಷಯ ಆ ಇಪ್ಪತ್ತು ನಿಮಿಷದಲ್ಲಿ ಒಬ್ಬರ ಬಾಯಲ್ಲೂ ಬಂದಿರಲಿಲ್ಲ. ನನಗೆ ಅಳು ಬಂತು, ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತೆ. ಅಧ್ಯಕ್ಷರು ನಿಜವಾಗಿಯೂ ನೊಂದುಕೊಂಡು ನನ್ನ ತಲೆ ಸವರಿದರು.

"ಬೇಜಾರು ಮಾಡ್ಕೋಬೇಡಮ್ಮಾ. ಕಾರ್ಯಕ್ರಮ ಮಾತ್ರ ಅಚ್ಚುಕಟ್ಟಾಗಿ ಆಯ್ತು."

೫. ಡಲ್ಲಾಸಿಗೆ ಡ್ರೈವಿಂಗ್

ಉಳಿದದ್ದು ನಮ್ಮ ಡಲ್ಲಾಸ್ ಒಂದೇ. ಇದಕ್ಕೆ ಸಮಿತಿ ಬೇಡ, ನಾನೊಬ್ಬಳೇ ಹೋಗುತ್ತೇನೆ ಎಂದು ಸಾರಿಬಿಟ್ಟೆ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಐದು ನಿಮಿಷ ಕೊಟ್ಟಿದ್ದರು. ಗಂಡ ಆ ವಾರ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದರು. ಮನೆಯಲ್ಲಿ ಕಾರೇನೋ ಇತ್ತು, ಆದರೆ ನನಗೊಂದು ರೋಗ. ಪ್ಲೇನೋದ ಒಳಗೆ ಎಲ್ಲಿ ಬೇಕಾದರೂ ಡ್ರೈವ್ ಮಾಡುತ್ತೇನೆ, ಫ್ರೀವೇ ಎಂಬ ದೊಡ್ಡ ಹೆದ್ದಾರಿ ಎಂದರೆ ಮಾತ್ರ ಆಗುವುದಿಲ್ಲ. ಸಂಸದರ ಕಚೇರಿ ಇದ್ದದ್ದು ಫ್ರೀವೇ ಹತ್ತಿಯೇ ಹೋಗಬೇಕಾದ ಡಲ್ಲಾಸ್ ಡೌನ್‌ಟೌನಿನಲ್ಲಿ.

ಧೈರ್ಯ ಮಾಡಿ ಹೊರಟೆ. ಫ್ರೀವೇ ಹತ್ತುವ ತಿರುವಿನವರೆಗೆ ಹೋಗಿ ವಾಪಸ್ ಬಂದೆ. ಮತ್ತೆ ಹೋದೆ, ಮತ್ತೆ ಬಂದೆ. ಇದನ್ನೆಲ್ಲ ಎದುರು ಮನೆಯಾಕೆ ಗಿಡಕ್ಕೆ ನೀರು ಹಾಕುತ್ತ ನೋಡುತ್ತಿದ್ದರು. ಲಾಹೋರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ. ಕೊತ್ತಂಬರಿ ಸೊಪ್ಪು, ಮಕ್ಕಳ ಹೋಂವರ್ಕು ಎಲ್ಲ ಇಬ್ಬರ ಮನೆಗೂ ಓಡಾಡುತ್ತಿತ್ತು. ಆ ಬೇಸಿಗೆಯಲ್ಲಿ ಮಾತ್ರ ನಾವಿಬ್ಬರೂ ಹವಾಮಾನ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ. ಡೌನ್‌ಟೌನಿಗೆ ಹೋಗಬೇಕಿತ್ತು ಎಂದೆ. ಆಪಾ ನೀರಿನ ಪೈಪು ಬಿಸಾಕಿ, ತಮ್ಮ ಕಾರಿನ ಬಾಗಿಲು ತೆಗೆದು, ಕೂತುಕೋ ಎಂದರು.

ಫ್ರೀವೇ ಹತ್ತಿದ ಮೇಲೆ ಏನು ಕೆಲಸ ಎಂದು ಕೇಳಿದರು. ಸುಳ್ಳು ಹೇಳೋಣ ಎಂದುಕೊಂಡೆ. ಆದರೆ ಅವರದೇ ಕಾರಿನಲ್ಲಿ ಕೂತು ಅವರದೇ ದೇಶದ ಮೇಲೆ ದೂರು ಕೊಡಲು ಹೋಗುವಾಗ ಅಷ್ಟಾದರೂ ಮರ್ಯಾದೆ ಬೇಡವೇ ಅನ್ನಿಸಿ ಇದ್ದದ್ದು ಹೇಳಿದೆ. ತಮ್ಮನ ವಿಷಯವನ್ನೂ ಹೇಳಿದೆ. ಆಪಾ ರಸ್ತೆ ನೋಡುತ್ತ ಕಾರು ಓಡಿಸಿದರು. ಎರಡು ಎಕ್ಸಿಟ್ ದಾಟಿತು. ಈಗ ಎಲ್ಲಾದರೂ ಇಳಿಸಿ ಹೋಗುತ್ತಾರೆ, ಬಸ್ಸೂ ಇಲ್ಲ ಎಂದು ನಾನು ಹೆದರಿ ಕೂತಿದ್ದೆ. ಆಮೇಲೆ ಅವರು, "ನನ್ನ ಅಕ್ಕನ ಮಗನೂ ಅಲ್ಲೇ ಇದ್ದಾನೆ. ಆ ಕಡೆ. ಮೂರು ವಾರದಿಂದ ಫೋನಿಲ್ಲ," ಎಂದರು. ಹೇಳಿ, ಎಡಗಡೆಯ ಲೇನಿಗೆ ಬಂದು ಕಾರಿನ ವೇಗ ಹೆಚ್ಚಿಸಿದರು.

ಸಂಸದರು ಸರಿಯಾದ ಹೊತ್ತಿಗೆ ಹೊರಗೆ ಬಂದು ಏನು ವಿಷಯ ಎಂದರು. ನಾಲ್ಕು ಸಾಲು ನನಗೆ ನಿದ್ದೆಯಲ್ಲೂ ಬರುತ್ತಿತ್ತು. ಆದರೆ ಆಗ ಬಾಯಿ ತೆಗೆದರೆ ತಮ್ಮನ ಮುಖ ಕಣ್ಣ ಮುಂದೆ ಬಂದು ಮೊದಲ ಸಾಲೇ ಮರೆತುಹೋಯಿತು. ಕಾಗದವನ್ನು ಮಡಿಸಿದೆ, ಬಿಚ್ಚಿದೆ. ಒಂದು ನಿಮಿಷ ಹಾಗೇ ಹೋಯಿತು. ಆಪಾ ನನ್ನ ಕೈಯಿಂದ ಕಾಗದ ಕಿತ್ತುಕೊಂಡರು.

"ಸರ್, ಬೆಟ್ಟದ ಈ ಕಡೆ ಇವಳ ತಮ್ಮ, ಆ ಕಡೆ ನನ್ನ ಅಕ್ಕನ ಮಗ. ನಡುವೆ ಇರೋ ಹುಡುಗರಿಗೆ ಬಂದೂಕು ಕೊಟ್ಟಿರೋದು ನಮ್ಮ ಸರ್ಕಾರ. ನಾವು ಹೇಳಿದ್ರೆ ಅದು ಕೇಳಲ್ಲ. ನೀವು ಹೇಳಿ."

ಸಂಸದರು ಇಬ್ಬರನ್ನೂ ನೋಡಿದರು. ಪೆನ್ನು ಕೇಳಿದರು. ಸಹಿ ಹಾಕಿದರು. ಅವರ ಸಹಾಯಕಿ ಒಂದು ಫೋಟೋ ತೆಗೆದಳು. ಹೊರಗೆ ಬಂದ ಮೇಲೆ ನಾವಿಬ್ಬರೂ ಪಾರ್ಕಿಂಗ್ ಲಾಟಿನಲ್ಲಿ ನಿಂತು ಚೆನ್ನಾಗಿ ಅತ್ತೆವು. ಆಮೇಲೆ ಐಸ್‌ಕ್ರೀಮ್ ತಿಂದೆವು.

ಆ ಫೋಟೋ ಸಂಸದರ ವಾರ್ತಾಪತ್ರದಲ್ಲಿ ಬಂತು. ಅಡಿಯಲ್ಲಿ, ಪ್ಲೇನೋದ ಇಬ್ಬರು ಭಾರತೀಯ ಸಹೋದರಿಯರು ಎಂದು ಬರೆದಿದ್ದರು. ಆಪಾ ಅದನ್ನು ಲಾಹೋರಿಗೆ ಕಳಿಸಲಿಲ್ಲ, ನಾನು ಮೈಸೂರಿಗೆ ಕಳಿಸಿದೆ. ಮೂರರ ಬದಲು ಎರಡೇ ಸಹಿ ಹೊತ್ತು ಪತ್ರ ಸರ್ಕಾರಕ್ಕೆ ಹೋಯಿತು. ಯುದ್ಧವೂ ಜುಲೈ ಕೊನೆಗೆ ನಿಂತಿತು. ಅದು ನಮ್ಮ ಪತ್ರದಿಂದಲೇ ನಿಂತಿತು ಎಂದು ನಾನು ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಬೇರೆಯವರು ಹಾಗೆ ಹೇಳಿದರೆ ಬೇಡವೆಂದೂ ಅಂದಿಲ್ಲ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಫೋನ್ ಬಂತು. ತಮ್ಮನ ದನಿ. ಮೈಸೂರಿಗೆ ಬಂದಿದ್ದ, ಕೈಕಾಲು ಎಲ್ಲ ನೆಟ್ಟಗಿತ್ತು. ನಾನು ಅಳುವುದು ಮುಗಿಯುವವರೆಗೂ ಕಾದು, ಆ ಫೋಟೋದಲ್ಲಿ ಪಕ್ಕದಲ್ಲಿರುವವರು ಯಾರು ಎಂದು ಕೇಳಿದ. ಎದುರು ಮನೆಯವರು, ಲಾಹೋರಿನವರು, ಅವರೇ ಡ್ರೈವ್ ಮಾಡಿಕೊಂಡು ಕರೆದುಕೊಂಡು ಹೋದದ್ದು ಎಂದೆ. ಆ ಕಡೆಯಿಂದ ನಗು.

"ನಾವಿಲ್ಲಿ ಎರಡು ತಿಂಗಳು ಒದ್ದಾಡಿದ್ವಲ್ಲ ಅಕ್ಕಾ. ನೀನು ಅಲ್ಲಿ ಕೂತ್ಕೊಂಡೇ ಒಬ್ರನ್ನ ಕಾರ್ ಸಮೇತ ಸೆರೆ ಹಿಡಿದಿದ್ದೀಯಲ್ಲ."

ಫೋನ್ ಇಟ್ಟವಳೇ ಬರಿಗಾಲಲ್ಲಿ ರಸ್ತೆ ದಾಟಿ ಆಪಾಗೆ ಹೇಳಲು ಓಡಿದೆ. ಅವರ ಅಕ್ಕನ ಮಗನೂ ಹಿಂದಿನ ವಾರವಷ್ಟೇ ಮನೆ ಮುಟ್ಟಿದ್ದ. ಅವರು ತಮ್ಮನ ಮಾತನ್ನು ಪೂರ್ತಿ ಕೇಳಿಸಿಕೊಂಡು, ನನ್ನ ಕಣ್ಣೊರೆಸಿ, ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಸ್ಟೀರಿಂಗ್ ಯಾರ ಕೈಲಿತ್ತು ಅಂತ ಕೇಳು ಅವನನ್ನ."